ಒಂದು ಸೌಟು ಸೊಪ್ಪು

ನಮ್ಮ ಮದುವೆಯ ಮಾತುಕತೆಯ ದಿನ ಅತ್ತೆ ನನ್ನ ಅಮ್ಮನಿಗೆ ಒಂದು ಮಾತು ಕೊಟ್ಟಿದ್ದರು. ಹುಡುಗನಿಗೆ ಚಿಕ್ಕಂದಿನಲ್ಲಿ ಕೀಲು ಜ್ವರ ಬಂದು ಹೃದಯದ ಒಂದು ಕವಾಟ ಕೆಟ್ಟಿದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಕಾಫಿ ಲೋಟ ಕೆಳಗಿಡುವ ಮೊದಲೇ ಹೇಳಿಬಿಟ್ಟರು. ಅಮ್ಮನ ಮುಖ ಸಣ್ಣಗಾಯಿತು. ಆಗ ಅತ್ತೆ ಅಮ್ಮನ ಕೈ ಹಿಡಿದು, "ನೋಡಿ, ನಾನಿರೋವರೆಗೆ ಅವನ ತಟ್ಟೆಗೆ ಬಡಿಸೋಳು ನಾನೇ. ಅವನ ಊಟ, ಪಥ್ಯ, ಯಾವ ಚಿಂತೇನೂ ನಿಮ್ಮ ಮಗಳ ತಲೆ ಮೇಲೆ ಬೀಳಲ್ಲ" ಎಂದರು.

ಅದಾಗಿ ಹದಿನಾಲ್ಕು ವರ್ಷ. ಜನಕಪುರಿಯ ಬಾಡಿಗೆ ಮನೆ ಬಿಟ್ಟು ಇಂದಿರಾಪುರಂನ ಹನ್ನೊಂದನೇ ಮಹಡಿಗೆ ಬಂದೆವು. ಮಾವ ಸೂರ್ಯನಾರಾಯಣ ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್ ಕುರ್ಚಿಯಿಂದ ನಿವೃತ್ತರಾದರು. ಮಗಳು ಅಪೂರ್ವ ಹುಟ್ಟಿ ಏಳನೇ ಕ್ಲಾಸಿಗೆ ಬಂದಳು. ನನ್ನ ಗಂಡ ಅಭಿಷೇಕನ ತಟ್ಟೆಗೆ ಬಡಿಸುವ ಸೌಟು ಮಾತ್ರ ಅತ್ತೆ ವಿಜಯಮ್ಮನವರ ಕೈ ಬಿಡಲಿಲ್ಲ. ಒಮ್ಮೆ ಅವರು ಮದುವೆಗೆಂದು ತಿಪಟೂರಿಗೆ ಹೋದಾಗ ಫ್ರಿಜ್ಜಿನ ತುಂಬ ಡಬ್ಬಿಗಳನ್ನು ಬಿಟ್ಟು ಹೋಗಿದ್ದರು. ಒಂದೊಂದರ ಮೇಲೂ ವಾರದ ಹೆಸರು. ನಾನು ನೋಯ್ಡಾದ ಆಫೀಸಿಗೆ ಎಂಟಕ್ಕೆ ಹೊರಟು ಎಂಟಕ್ಕೆ ಮರಳುವವಳು. ಮೊದಮೊದಲು ಈ ವ್ಯವಸ್ಥೆ ಹಿತವಾಗಿತ್ತು. ಆಮೇಲಾಮೇಲೆ, ನನ್ನ ಗಂಡನಿಗೆ ಇನ್ನೊಂದು ಚಮಚ ತುಪ್ಪ ಹಾಕಲು ನಾನು ಅಪ್ಪಣೆ ಕೇಳಬೇಕಲ್ಲ ಅನ್ನಿಸಿ ತುಟಿ ಕಚ್ಚಿಕೊಂಡದ್ದೂ ಇದೆ.

ಹೋದ ನವೆಂಬರಿನ ಹೊಗೆಮಂಜಿನಲ್ಲಿ ಅಭಿಷೇಕನಿಗೆ ಲಿಫ್ಟಿನಿಂದ ಮನೆ ಬಾಗಿಲಿಗೆ ನಡೆಯುವಷ್ಟರಲ್ಲಿ ಉಸಿರು ಕಟ್ಟತೊಡಗಿತು. ಗಾಳಿಯ ದೋಷ ಅಂದುಕೊಂಡೆವು. ಪರೀಕ್ಷೆ ಮಾಡಿದ ಡಾಕ್ಟರು ಗಾಳಿಯ ದೋಷವಲ್ಲ, ಕವಾಟದ್ದು ಎಂದರು. ಹಳೆಯದನ್ನು ತೆಗೆದು ಲೋಹದ ಕವಾಟ ಕೂರಿಸಬೇಕು.

ಆಪರೇಷನ್ನಿನ ದಿನ ನಾನು, ಮಾವ ಆಸ್ಪತ್ರೆಯಲ್ಲಿ. ಅತ್ತೆ, ಅಪೂರ್ವ ಮನೆಯಲ್ಲಿ. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಕುರ್ಚಿ ಎಳೆದು ನಮ್ಮೆದುರು ಕುಳಿತರು.

"ಕವಾಟ ಚೆನ್ನಾಗಿ ಕೂತಿದೆ. ಆದರೆ ರಕ್ತ ನಿಲ್ಲುತ್ತಿಲ್ಲ" ಎಂದರು ಹಿಂದಿಯಲ್ಲಿ.

"ಹೊಲಿಗೆ ಬಿಟ್ಟಿದೆಯಾ?" ಎಂದೆ.

"ಇಲ್ಲ, ಮತ್ತೆ ತೆರೆದು ನೋಡಿದೆವು. ಎಲ್ಲೂ ಹರಿದಿಲ್ಲ. ಹೃದಯ ನಿಲ್ಲಿಸಿ ರಕ್ತವನ್ನು ಯಂತ್ರದಲ್ಲಿ ಓಡಿಸುತ್ತೇವಲ್ಲ, ಆಗ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು ತೆಳುವಾಗುತ್ತವೆ, ಒಂದಷ್ಟು ಖರ್ಚಾಗಿಯೂ ಹೋಗುತ್ತವೆ. ಕೆಲವರಲ್ಲಿ ತೀರ ಕಮ್ಮಿಯಾಗಿಬಿಡುತ್ತವೆ. ಅದಕ್ಕೇ ಎಲ್ಲ ಕಡೆಯಿಂದ ಒಸರುತ್ತಿದೆ. ಆ ಪ್ರೋಟೀನನ್ನು ಬೇರೆಯವರ ರಕ್ತದಿಂದ ತೆಗೆದು ಕೊಡಬೇಕು. ಒಬ್ಬರದು ಸಾಲದು, ಹಲವರದು ಸೇರಬೇಕು. ರಕ್ತನಿಧಿಯಲ್ಲಿ ಇರುವುದನ್ನು ಈಗಲೇ ಶುರು ಮಾಡುತ್ತೇವೆ. ಬದಲಿಗೆ ರಕ್ತ ಕೊಡುವವರನ್ನು ನೀವು ಕರೆತರಬೇಕು. ಎಷ್ಟು ಜನ ಬಂದರೆ ಅಷ್ಟು ಒಳ್ಳೆಯದು."

ಮನೆಗೆ ಫೋನ್ ಮಾಡಿದೆ. ಅಪೂರ್ವ ಎತ್ತಿಕೊಂಡು ಅಜ್ಜಿಗೆ ಹೇಳುವುದು ಫೋನಿನಲ್ಲೇ ನನಗೆ ಕೇಳಿಸುತ್ತಿತ್ತು.

"ಅಜ್ಜಿ, ಅಪ್ಪಂದು ಬ್ಲಡ್ ಕ್ಲಾಟ್ ಆಗ್ತಿಲ್ಲ. ಮತ್ಲಬ್... ಜಮ್ ನಹೀ ರಹಾ."

"ಹೆಪ್ಪುಗಟ್ತಿಲ್ಲವಾ?"

"ಹಾಂ, ವಹೀ. ಜನ ಬೇಕಂತೆ, ಬ್ಲಡ್ ಕೊಡೋಕೆ."

"ಜನ ತಾನೇ? ಚಪ್ಪಲಿ ಹಾಕ್ಕೋ, ನಡಿ."

ಅತ್ತೆ ಮೊಮ್ಮಗಳ ಕೈ ಹಿಡಿದು ಕೆಳಗಿನ ಲಿಫ್ಟ್ ಬಾಗಿಲಲ್ಲಿ ನಿಂತರಂತೆ. ಒಳಗೆ ಹೋಗುವವರನ್ನು, ಹೊರಗೆ ಬರುವವರನ್ನು ನಿಲ್ಲಿಸಿ, "ಬೇಟಾ, ಖೂನ್ ದೋಗೇ? ಮೇರಾ ಲಡ್ಕಾ ಟೇಬಲ್ ಪೇ ಹೈ" ಎಂದು, ಮಗ ಆಪರೇಷನ್ ಮೇಜಿನ ಮೇಲಿದ್ದಾನೆ, ರಕ್ತ ಕೊಡ್ತೀರಾ ಎಂದು ಕೇಳಿದರಂತೆ. ನಲವತ್ತು ವರ್ಷ ದಿಲ್ಲಿಯಲ್ಲಿದ್ದರೂ ತರಕಾರಿಗಲ್ಲದೆ ಬೇರೆ ಯಾವುದಕ್ಕೂ ಅವರು ಅಪರಿಚಿತರನ್ನು ಮಾತನಾಡಿಸಿದವರಲ್ಲ. ಏಳನೇ ಮಹಡಿಯ ಜಿಮ್ ಹುಡುಗ, ಮೂರನೇ ಮಹಡಿಯ ಬಂಗಾಳಿ ಟೀಚರು, ಗೇಟಿನ ಬಳಿ ತರಕಾರಿ ಗಾಡಿ ನಿಲ್ಲಿಸುವ ಕಿಶನ್, ಅವನ ಅಣ್ಣ ಎಲ್ಲರೂ ಒಂದೇ ಇ-ರಿಕ್ಷಾದಲ್ಲಿ ತುರುಕಿಕೊಂಡು ಬಂದರು. ಜನಕಪುರಿಯಿಂದ ಮಾವನ ಹಳೆಯ ಸ್ನೇಹಿತ ಚಿದಂಬರ ತಮ್ಮ ಇಬ್ಬರು ಅಳಿಯಂದಿರನ್ನು ಕರೆತಂದರು. "ನನಗೆ ವಯಸ್ಸಾಯ್ತು ಅಂತ ತಗೊಳ್ಳಲ್ವಂತೆ ಕಣಮ್ಮ. ಅದಕ್ಕೆ ಅಳಿಯಂದಿರನ್ನ ತಂದೆ. ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ" ಎಂದರು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಆ ಪ್ರೋಟೀನಿನ ಪುಟ್ಟ ಪುಟ್ಟ ಹಳದಿ ಚೀಲಗಳು ಒಳಗೆ ಹೋಗುವುದನ್ನು ನೋಡುತ್ತ ಕುಳಿತೆ. ಒಂದೊಂದು ಚೀಲವೂ ಒಬ್ಬೊಬ್ಬರದು. ಯಾರೆಂದು ಅದರ ಮೇಲೆ ಬರೆದಿರಲಿಲ್ಲ. ಸಂಜೆ ಹೊತ್ತಿಗೆ ನರ್ಸ್ ಬಂದು, "ನಿಂತಿದೆ" ಎಂದಳು. ಮಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

ಮನೆಯಲ್ಲಿ ಆ ಸಂಜೆ ಅತ್ತೆ ದೀಪ ಹಚ್ಚಿ ಬಂದು ಮೊಮ್ಮಗಳನ್ನು ಕೇಳಿದ್ದರಂತೆ: "ರಕ್ತ ಹೆಪ್ಪುಗಟ್ಟಬೇಕಾದ್ರೆ ಏನು ತಿನ್ನಬೇಕು ಅಂತ ನಿನ್ನ ಫೋನಲ್ಲಿ ನೋಡು." ಅವಳು ನೋಡಿದಳು. ಹಸಿರು ಸೊಪ್ಪು ಎಂದಿತ್ತು. ಫೋನು ಹೇಳಿದ್ದು ಸುಳ್ಳಲ್ಲ.

ಅಭಿಷೇಕನನ್ನು ಮನೆಗೆ ಕಳಿಸುವ ದಿನ ನಾನು ಔಷಧಿಯ ಸಾಲಿನಲ್ಲಿದ್ದೆ. ಡಾಕ್ಟರ ಮಾತು ಕೇಳಿಸಿಕೊಂಡು ಬಂದವರು ಮಾವ.

"ಏನೇನು ಹೇಳಿದ್ರು ಮಾವ?"

"ರಕ್ತ ತೆಳುವಾಗಿಡೋ ಮಾತ್ರೆ, ದಿನಾ ಸಂಜೆ. ಲೋಹದ ಕವಾಟದ ಮೇಲೆ ರಕ್ತ ಗಟ್ಟಿಯಾಗಬಾರದು. ವಾರಕ್ಕೊಮ್ಮೆ ಪರೀಕ್ಷೆ. ಪಾಲಕ್ ಬೇಡ. ಉಳಿದದ್ದು ಎಂದಿನ ಊಟ."

"ಅರ್ಧ ಗಂಟೆ ಒಳಗಿದ್ರಿ. ಇಷ್ಟೇನಾ?"

"ಅವರು ತುಂಬಾ ಹೇಳಿದ್ರು. ಸಾರಾಂಶ ಇಷ್ಟು."

ಎಷ್ಟು ದಪ್ಪದ ಫೈಲನ್ನೂ ನಾಲ್ಕು ಸಾಲಿಗೆ ಇಳಿಸುವುದರಲ್ಲಿ ಮಾವನಿಗೆ ಆಫೀಸಿನಲ್ಲಿ ಹೆಸರಿತ್ತು. ನಾನು ಮತ್ತೆ ಕೇಳಲಿಲ್ಲ. ಅತ್ತೆ ಮಾತ್ರ, "ರಕ್ತ ತೆಳುವಾಗಿ ತಾನೇ ಮಗು ಸಾಯೋ ಹಾಗಾಗಿದ್ದು?" ಎಂದರು. ಮಾವ, "ಅದು ಡಾಕ್ಟರಿಗೆ ಗೊತ್ತಿದೆ, ನೀನು ಅಡುಗೆ ನೋಡ್ಕೋ" ಎಂದರು. ಅತ್ತೆ ಅಡುಗೆ ನೋಡಿಕೊಂಡರು. ಮಾತ್ರೆ ಕವಾಟಕ್ಕೆ, ಊಟ ರಕ್ತಕ್ಕೆ ಎಂದು ತಮ್ಮಷ್ಟಕ್ಕೆ ಕೆಲಸ ಹಂಚಿಕೊಂಡುಬಿಟ್ಟರು.

ದಿಲ್ಲಿಯ ಚಳಿಗಾಲವೆಂದರೆ ಸೊಪ್ಪಿನ ಕಾಲ. ಕಿಶನ್‌ನ ಗಾಡಿಯಲ್ಲಿ ಮೆಂತ್ಯ, ಬಥುವಾ, ಸಾಸಿವೆ ಸೊಪ್ಪು, ಸಬ್ಬಸಿಗೆ ಆಳೆತ್ತರ ಪೇರಿಸಿರುತ್ತಿತ್ತು. ಅತ್ತೆ ಬುಟ್ಟಿ ತುಂಬಿಸಿಕೊಂಡು ಬರುತ್ತಿದ್ದರು, ಪಾಲಕ್ ಒಂದನ್ನು ಬಿಟ್ಟು.

"ಅಮ್ಮಾಜಿ, ಘರ್ ಮೇ ಬಕ್ರಿ ಪಾಲ್ ರಖೀ ಹೈ ಕ್ಯಾ?" ಮನೆಯಲ್ಲಿ ಆಡು ಸಾಕಿದ್ದೀರಾ ಎಂದು ಕಿಶನ್ ಕೇಳಿದನಂತೆ.

ಬೆಳಿಗ್ಗೆ ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ. ಮಧ್ಯಾಹ್ನ ಬಥುವಾ ಮಸ್ಸೊಪ್ಪು, ಸಾಸಿವೆ ಸೊಪ್ಪಿನ ಪಲ್ಯ. ಸಂಜೆ ಮೆಂತ್ಯದ ಚಪಾತಿ, ಕೊತ್ತಂಬರಿ ಚಟ್ನಿ. ಅಭಿಷೇಕನ ತಟ್ಟೆಯಲ್ಲಿ ಅನ್ನ ಎಲ್ಲಿದೆ ಎಂದು ಹುಡುಕಬೇಕಾಗಿತ್ತು.

"ಅಮ್ಮ, ಸಾಕು."

"ಅಷ್ಟು ರಕ್ತ ಹೋಗಿದೆ. ತಿನ್ನು."

"ಅಜ್ಜಿ, ಮೈ ಗಾಯ್ ನಹೀ ಹೂಂ, ನಾನು ಹಸು ಅಲ್ಲ" ಎಂದು ಅಪೂರ್ವ ತಟ್ಟೆ ತಳ್ಳಿದಳು.

"ನೀನು ತಿನ್ನದಿದ್ರೆ ಬಿಡು. ನಿಮ್ಮಪ್ಪ ತಿನ್ನಲಿ."

ಅಭಿಷೇಕನ ಮುಖಕ್ಕೆ ಬಣ್ಣ ಬಂತು. ಬಾಲ್ಕನಿಯಲ್ಲಿ ನಡೆದಾಡತೊಡಗಿದ. ಆದರೆ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಪರೀಕ್ಷೆಯ ಸಂಖ್ಯೆ ಏರಲೊಲ್ಲದು. ಎರಡೂವರೆ ದಾಟಬೇಕು ಎಂದರು, ಒಂದೂವರೆ ಬಂತು. ಮಾತ್ರೆ ಹೆಚ್ಚಿಸಿದರು. ಮುಂದಿನ ವಾರ ಅಷ್ಟೇ. ಮತ್ತೆ ಹೆಚ್ಚಿಸಿದರು.

"ಗಗನಾ, ಮಾತ್ರೆ ಮರೀತಿದೀಯಾ?" ಎಂದು ಮಾವ ನನ್ನನ್ನು ಕೇಳಿದರು.

"ಇಲ್ಲ ಮಾವ. ನನ್ನ ಕೈಯಾರೆ ಕೊಡ್ತಿದೀನಿ."

"ಆಫೀಸಿಂದ ಬರೋದೇ ತಡ ಆಗುತ್ತೆ ಇವಳಿಗೆ" ಎಂದರು ಅತ್ತೆ ಕೊತ್ತಂಬರಿ ಸೋಸುತ್ತ. "ಊಟದ ಜವಾಬ್ದಾರಿ ನಂದು. ಅದರಲ್ಲಿ ಒಂದು ಹೊತ್ತು ಹೆಚ್ಚುಕಮ್ಮಿ ಆಗಿಲ್ಲ. ಮಾತ್ರೆ ಜವಾಬ್ದಾರಿ ಅವಳದು."

"ಹಾಗಾದ್ರೆ ಮಾತ್ರೇನೂ ನೀವೇ ಇಟ್ಕೊಳ್ಳಿ ಅತ್ತೆ. ಉಳಿದಿದ್ದು ಅದೊಂದೇ."

ಹೇಳಬಾರದಿತ್ತು. ಹೇಳಿಯಾಗಿತ್ತು. ಅತ್ತೆ ಎದ್ದು ಒಳಗೆ ಹೋದರು. ಅಭಿಷೇಕ ನನ್ನನ್ನು ನೋಡಿ, "ಮೂರು ಹೊತ್ತೂ ಸೊಪ್ಪು ತಿನ್ನೋನು ನಾನು, ಜಗಳ ಆಡೋರು ನೀವು" ಎಂದ.

ಒಂದು ಭಾನುವಾರ ಬೆಳಿಗ್ಗೆ ಅವನ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ನಾನು ಬಟ್ಟೆ ತಂದು ಒರೆಸುತ್ತ, "ಕೈ ಸುಟ್ಟಿತಾ?" ಎಂದೆ. ಅವನು ಏನೋ ಹೇಳಿದ. ಮಾತು ಬಾಯಿತುಂಬ ಅನ್ನ ಇಟ್ಟುಕೊಂಡು ಆಡಿದ ಹಾಗಿತ್ತು. ತಲೆಯೆತ್ತಿ ನೋಡಿದರೆ ತುಟಿಯ ಒಂದು ಪಕ್ಕ ಇಳಿದಿತ್ತು.

ಆಸ್ಪತ್ರೆ ತಲುಪುವ ಮೊದಲೇ ಕಾರಿನಲ್ಲಿ ಅವನ ಮಾತು ಸರಿಯಾಯಿತು. ಕವಾಟದ ಮೇಲೆ ಕಟ್ಟಿದ ರಕ್ತದ ಒಂದು ಪುಟ್ಟ ಹೆಪ್ಪು ಮಿದುಳಿಗೆ ಹೋಗಿ, ತಾನಾಗಿ ಕರಗಿದೆ, ಇನ್ನೊಂದು ಸಲ ಹೀಗೇ ಕರಗುತ್ತದೆಂದು ನಂಬಬೇಡಿ ಎಂದರು ಡಾಕ್ಟರು. ನಾನು ಅಭಿಷೇಕನನ್ನು ಸ್ಕ್ಯಾನಿಂಗಿಗೆ ಕರೆದೊಯ್ದೆ. ಡಾಕ್ಟರ ಕೋಣೆಯಲ್ಲಿ ನಡೆದದ್ದನ್ನು ಆಮೇಲೆ ಅಪೂರ್ವ ಹೇಳಿದಳು.

"ಸೊಪ್ಪು ಜಾಸ್ತಿ ಕೊಡುತ್ತಿದ್ದೀರಾ?" ಎಂದು ಡಾಕ್ಟರು ಕೇಳಿದರು.

"ಪಾಲಕ್ ಮನೆಗೇ ತಂದಿಲ್ಲ ಸಾರ್" ಎಂದರು ಮಾವ.

"ಬೇರೆ ಸೊಪ್ಪು?"

ಮಾವನಿಗೆ ಗೊತ್ತಿರಲಿಲ್ಲ. ಅಪೂರ್ವ ಬೆಳಗಿನ ರೊಟ್ಟಿಯಿಂದ ಸಂಜೆಯ ಚಟ್ನಿಯವರೆಗೆ ಒಂದೊಂದಾಗಿ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. "ಪಾಲಕ್ ಅಂತ ನಾನು ಉದಾಹರಣೆಗೆ ಹೇಳಿದ್ದು. ಸೊಪ್ಪೆಲ್ಲ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ನಾವು ಮಾತ್ರೆ ಕೊಟ್ಟು ತಡೆಯುವುದನ್ನು ನೀವು ಊಟದಲ್ಲಿ ವಾಪಸ್ಸು ತುಂಬುತ್ತಿದ್ದೀರಿ."

ಅಪೂರ್ವ ಅಲ್ಲೇ ಅಳಲು ಶುರು ಮಾಡಿದಳು. ಡಾಕ್ಟರು ಇನ್ನೂ ಬಹಳ ಹೇಳಿದರಂತೆ. ಅವಳಿಗೆ ಅದೊಂದೂ ಕೇಳಿಸಲಿಲ್ಲ.

ಮನೆಗೆ ಬಂದು ಚಪ್ಪಲಿ ಕಳಚುತ್ತಲೇ ಮಾವ ಸಾರಾಂಶ ಒಪ್ಪಿಸಿದರು.

"ವಿಜಯಾ, ಇವತ್ತಿಂದ ಈ ಮನೇಲಿ ಸೊಪ್ಪು ಬಂದ್. ಅವನಿಗೆ ಗಗನಾ ಬಡಿಸ್ತಾಳೆ."

"ಯಾಕ್ರೀ?"

"ನೀನು ಹಾಕಿದ ಸೊಪ್ಪೇ ಮಾತ್ರೇನ ನುಂಗಿ ಹಾಕಿದೆ. ಮಗನ್ನ ಕೈಯಾರೆ ಕೊಲ್ತಿದ್ದೆ."

"ಅಪ್ಪ, ಸಾಕು" ಎಂದ ಅಭಿಷೇಕ.

ಅತ್ತೆ ಒಲೆ ಆರಿಸಿ ಸೌಟು ಹಿಡಿದೇ ತಿರುಗಿದರು. "ನೀವು ಪಾಲಕ್ ಬೇಡ ಅಂದ್ರಿ. ನಾನು ಪಾಲಕ್ ತರಲಿಲ್ಲ."

"ಸೊಪ್ಪು ಅಂದ್ರೆ ಎಲ್ಲಾ ಒಂದೇ ಅಲ್ವೇನೇ?"

"ಒಂದು ದಿನ ನನ್ನ ಜೊತೆ ಮಾರ್ಕೆಟ್ಟಿಗೆ ಬಂದಿದ್ರೆ ಗೊತ್ತಾಗ್ತಿತ್ತು, ಎಲ್ಲಾ ಒಂದೇನಾ ಅಂತ."

"ತಾತ, ಅಜ್ಜೀನ ಬೈಬೇಡಿ" ಎಂದಳು ಅಪೂರ್ವ. "ಮೈನೇ ಸರ್ಚ್ ಕಿಯಾ ಥಾ. ನಾನೇ ಹೇಳಿದ್ದು, ಸೊಪ್ಪು ಅಂತ."

"ನೀನು ಸುಮ್ನಿರು. ಕೇಳಿದ್ದು ನಾನು" ಎಂದರು ಅತ್ತೆ. ಕೈಯಲ್ಲಿದ್ದ ಸೌಟನ್ನು ಒಲೆಯ ಕಟ್ಟೆಯ ಮೇಲಿಟ್ಟು ಕೋಣೆಗೆ ಹೋದರು.

ಅಂದು ಮೊದಲ ಬಾರಿಗೆ ಅಭಿಷೇಕನಿಗೆ ನಾನು ಬಡಿಸಿದೆ. ಅನ್ನ, ತಿಳಿಸಾರು, ಆಲೂಗಡ್ಡೆ. ಹದಿನಾಲ್ಕು ವರ್ಷ ಬೇಕು ಬೇಕು ಅಂದುಕೊಂಡಿದ್ದ ಕೆಲಸ. ಅವನು ಅರ್ಧಕ್ಕೇ ಎದ್ದ. ಅತ್ತೆ ನಮ್ಮದಾದ ಮೇಲೆ ಬಂದು, ನಿಂತೇ ಎರಡು ತುತ್ತು ಮೊಸರನ್ನ ತಿಂದು ಹೋದರು. ಮರುದಿನವೂ ಅಷ್ಟೇ. ಬೆಳಿಗ್ಗೆ ಐದೂವರೆಗೆ ಎದ್ದು ಅಡುಗೆ, ಡಬ್ಬಿ, ಮಾತ್ರೆ, ಆಮೇಲೆ ಮೆಟ್ರೋ. ಅದುವರೆಗೆ ಈ ಮನೆ ಯಾರ ಬೆನ್ನ ಮೇಲೆ ನಡೆದಿತ್ತು ಎಂದು ನನ್ನ ಸೊಂಟಕ್ಕೆ ತಿಳಿಯಿತು.

ಅತ್ತೆ ಊರಿನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. "ಶಂಕರಾ, ಸಂಕ್ರಾಂತಿ ಆಗಲಿ, ಅಲ್ಲಿಗೇ ಬಂದುಬಿಡ್ತೀನಿ. ಇಲ್ಲಿ ನನಗಿನ್ನೇನು ಕೆಲಸ?"

ಹಬ್ಬಕ್ಕೆ ಮೂರ್ನಾಲ್ಕು ದಿನ ಇರುವಾಗ ಅಭಿಷೇಕ ಹಲ್ಲುಜ್ಜಿ ಉಗುಳಿದರೆ ಬೇಸಿನ್ನೆಲ್ಲ ಕೆಂಪು. ತೋಳಿನ ಮೇಲೆ ಎಲ್ಲೂ ತಗುಲದೆಯೂ ನೀಲಿ ಕಲೆಗಳು. ಪರೀಕ್ಷೆ ಮಾಡಿಸಿದರೆ ಸಂಖ್ಯೆ ಐದು ದಾಟಿತ್ತು. ಡಾಕ್ಟರಿಗೆ ನಾನೇ ಫೋನ್ ಮಾಡಿದೆ.

"ಸೊಪ್ಪು ಪೂರ್ತಿ ನಿಲ್ಲಿಸಿದಿರಾ?"

"ಹೌದು. ನೀವೇ ಹೇಳಿದ್ದು ಅಂತ..."

"ನಿಲ್ಲಿಸಬೇಡಿ ಅಂತ ಹೇಳಿದ್ದು. ಇವತ್ತಿನ ಮಾತ್ರೆ ಕೊಡಬೇಡಿ, ಈಗಲೇ ಬನ್ನಿ. ಮತ್ತೆ, ಮನೆಯಲ್ಲಿ ಅಡುಗೆ ಮಾಡುವವರು ಯಾರೋ ಅವರನ್ನು ಕರೆದುಕೊಂಡು ಬನ್ನಿ. ಬೇರೆ ಯಾರೂ ಬೇಡ."

ನಾನು ಅತ್ತೆಯ ಕೋಣೆಗೆ ಹೋದೆ. ಅವರು ಎಳ್ಳಿಗೆ ಕೊಬ್ಬರಿ ಹೆಚ್ಚುತ್ತ ಕುಳಿತಿದ್ದರು.

"ಅತ್ತೆ, ಸೀರೆ ಬದಲಾಯಿಸಿ. ಡಾಕ್ಟರ್ ಕರೀತಿದಾರೆ."

"ನಾನ್ಯಾಕೆ? ನಿಮ್ಮ ಮಾವ ಇದ್ದಾರಲ್ಲ, ಸಾರಾಂಶಕ್ಕೆ."

"ಮಾವನ್ನ ಕರ್ಕೊಂಡು ಬರಬೇಡಿ ಅಂದ್ರು."

ಅತ್ತೆ ಚಾಕು ಕೆಳಗಿಟ್ಟರು. "ಹಾಗಂದ್ರಾ?" ಎಂದರು. ಎದ್ದರು.

ಡಾಕ್ಟರು ಅಭಿಷೇಕನನ್ನು ಪರೀಕ್ಷಿಸಿ, ಅತ್ತೆಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡರು.

"ಅಮ್ಮಾಜಿ, ಆಪರೇಷನ್ ದಿನ ನಿಮ್ಮ ಮಗನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರೋಟೀನು ಇಲ್ಲವಾಗಿತ್ತು. ಜನರನ್ನು ಕಳಿಸಿದವರು ನೀವೇ ಅಲ್ಲವೇ? ಆ ಪ್ರೋಟೀನು ಕೆಲವೇ ದಿನಗಳಲ್ಲಿ ಮೈಯೇ ಮಾಡಿಕೊಂಡಿತು. ಸೊಪ್ಪು ತುಂಬುವ ಅಗತ್ಯ ಇರಲಿಲ್ಲ. ಈಗಿನ ಕೆಲಸ ಬೇರೆ. ರಕ್ತ ಹೆಚ್ಚು ಗಟ್ಟಿಯಾಗಬಾರದು, ಹೆಚ್ಚು ತೆಳುವೂ ಆಗಬಾರದು."

"ಸೊಪ್ಪು ಹಾಕ್ಲೋ ಬೇಡ್ವೋ, ಅದು ಹೇಳಿ."

"ಹಾಕಿ. ದಿನವೂ ಒಂದೇ ಅಳತೆ. ನೀವು ಅಳತೆ ತಪ್ಪದಿದ್ದರೆ ಅದಕ್ಕೆ ಸರಿಯಾಗಿ ಮಾತ್ರೆ ಕೂರಿಸುವುದು ನನ್ನ ಕೆಲಸ. ಇವತ್ತು ರಾಶಿ, ನಾಳೆ ಸೊನ್ನೆ ಆದರೆ ನಾನೇನೂ ಮಾಡಲಾರೆ."

"ಒಂದು ಸೌಟು?"

"ಒಂದು ಸೌಟು. ಯಾವ ಹಬ್ಬ ಬಂದರೂ ಒಂದೇ."

ಅತ್ತೆ ತಲೆಯಾಡಿಸಿದರು. ಏಳಲು ಹೋದವರು ಮತ್ತೆ ಕುಳಿತರು.

"ಈ ಮಾತ್ರೆ ಎಷ್ಟು ದಿನ?"

"ಜೀವ ಇರುವವರೆಗೆ."

"ಯಾರ ಜೀವ? ನಂದಾ, ಅವನದಾ?"

ಡಾಕ್ಟರು ನಕ್ಕರು. ಅತ್ತೆ ನಗಲಿಲ್ಲ. "ಅವರದು ಅಮ್ಮಾಜಿ" ಎಂದರು ಡಾಕ್ಟರು.

ಕ್ಯಾಬಿನಲ್ಲಿ ಬರುವಾಗ ಅತ್ತೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಗೇಟಿನ ಬಳಿ ಇಳಿದು ಕಿಶನ್‌ನಿಂದ ಒಂದೇ ಒಂದು ಕಟ್ಟು ಬಥುವಾ ಕೊಂಡರು. "ಬಕ್ರಿ ಬೇಚ್ ದೀ ಕ್ಯಾ, ಅಮ್ಮಾಜಿ?" ಆಡು ಮಾರಿಬಿಟ್ಟಿರಾ ಎಂದು ಅವನು ಕೇಳುವಷ್ಟರಲ್ಲಿ ಲಿಫ್ಟಿನ ಕಡೆ ಹೊರಟಿದ್ದರು.

ಮನೆಯಲ್ಲಿ ಮಾವ ಬಾಗಿಲಲ್ಲೇ ನಿಂತಿದ್ದರು. "ಏನಂದ್ರು?"

"ತುಂಬಾ ಹೇಳಿದ್ರು. ಎಲ್ಲಾನೂ ಹೇಳ್ತೀನಿ, ಕೂತ್ಕೊಂಡು ಕೇಳಿ" ಎಂದರು ಅತ್ತೆ. ಮಾವ ಕುಳಿತರು. ಪೂರ್ತಿ ಕೇಳಿದರು. ಕೊನೆಗೆ, "ನಾನು ಆ ದಿನ ಹಾಗನ್ನಬಾರದಿತ್ತು" ಎಂದರು. ಅತ್ತೆ, "ಸೊಪ್ಪು ಬಿಡಿಸಿಕೊಡಿ" ಎಂದು ಕಟ್ಟನ್ನು ಅವರ ಮುಂದಿಟ್ಟರು. ನನ್ನ ಮದುವೆಯಾದ ಮೇಲೆ ಮಾವ ಸೊಪ್ಪು ಬಿಡಿಸಿದ್ದನ್ನು ನೋಡಿದ್ದು ಅದೇ ಮೊದಲು. ದಂಟನ್ನು ಇಟ್ಟುಕೊಂಡು ಎಲೆ ಎಸೆಯುತ್ತಿದ್ದರು. ಅಪೂರ್ವ ತಿದ್ದಿದಳು.

ಸಂಕ್ರಾಂತಿಯ ಬೆಳಿಗ್ಗೆ ಅತ್ತೆ ಅಪೂರ್ವಳಿಗೆ ಲಂಗ ತೊಡಿಸಿ ಎಳ್ಳು ಬೀರಲು ಕರೆದುಕೊಂಡು ಹೊರಟರು. ಪ್ರತಿ ವರ್ಷ ನಮ್ಮ ಬ್ಲಾಕಿನ ಎರಡು ಕನ್ನಡದ ಮನೆಗಳಿಗೆ ಮಾತ್ರ ಹೋಗುತ್ತಿದ್ದರು. ಈ ಸಲ ಬುಟ್ಟಿ ದೊಡ್ಡದಿತ್ತು.

"ರಕ್ತ ಕೊಟ್ಟೋರಿಗಾ ಅತ್ತೆ?"

"ಅವರು ಕೊಟ್ಟಿದ್ದು ಇನ್ಯಾರಿಗೋ ಹೋಗಿರುತ್ತಂತೆ. ನಮ್ಮವನಿಗೆ ಬಂದಿದ್ದು ಯಾರದ್ದೋ. ಯಾರು ಅಂತ ಹುಡುಕೋಣ? ಎಲ್ಲಾರ ಮನೆಗೂ ಕೊಡ್ತೀನಿ."

ಮೇಲಿನಿಂದ ಶುರು ಮಾಡಿ ಒಂದೊಂದೇ ಮಹಡಿ ಇಳಿದರು. ಏಳನೇ ಮಹಡಿಯ ಜಿಮ್ ಹುಡುಗ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, "ಆಂಟಿ, ಸೂಜಿ ಕಂಡು ನಾನು ಕಣ್ಣು ಮುಚ್ಚಿಕೊಂಡಿದ್ದೆ, ಯಾರಿಗೂ ಹೇಳಬೇಡಿ" ಎಂದನಂತೆ. ಅತ್ತೆ ಅವನ ತಲೆ ನೇವರಿಸಿ ಇನ್ನೊಂದು ಪೊಟ್ಟಣ ಕೊಟ್ಟರಂತೆ. ಕಿಶನ್ ಗಾಡಿಗೂ ಹೋಯಿತು. ಚಿದಂಬರ ಅವರ ಅಳಿಯಂದಿರಿಗೆ ಬೇರೆ ಡಬ್ಬಿ ಕಟ್ಟಿಟ್ಟರು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕುಳಿತೆವು. ಹುಗ್ಗಿ, ಗೊಜ್ಜು, ಬಥುವಾ ಪಲ್ಯ. ಯಾವಾಗಲೂ ಕೊನೆಗೆ ಕೂರುವ ಅತ್ತೆ ಅಂದು ಮೊದಲೇ ಬಂದು ಕುಳಿತರು. ಶಂಕರನಿಗೆ ಬೆಳಿಗ್ಗೆಯೇ ಫೋನ್ ಮಾಡಿ, ಈಗ ಬರುವುದಿಲ್ಲ ಎಂದು ಹೇಳಿಯಾಗಿತ್ತು.

"ಅಮ್ಮ, ಬಡಿಸು" ಎಂದ ಅಭಿಷೇಕ.

ಅತ್ತೆ ಪಲ್ಯದ ಪಾತ್ರೆಯನ್ನು ಅವನ ಮುಂದಕ್ಕೆ ಸರಿಸಿದರು. "ನೀನೇ ಹಾಕ್ಕೋ. ಸೌಟಿನ ಅಂಚಿನ ತನಕ. ಗೋಪುರ ಮಾಡಬೇಡ."

"ಇದೇನಮ್ಮ ಹೊಸದು? ನೀನೇ ಹಾಕು."

"ನಾನಿರೋವರೆಗೆ ಅಂತ ಹೇಳಿದ್ದೆ. ನಿನ್ನ ಮಾತ್ರೆ ಅದಕ್ಕಿಂತ ಉದ್ದ ಇದೆಯಂತೆ. ನನ್ನ ಕೈ ಅಳತೆ ನಿನ್ನ ಕೈಗೆ ಬರಲಿ. ಹಾಕ್ಕೋ, ನೋಡ್ತೀನಿ."

ಅವನು ಸೌಟು ತೆಗೆದುಕೊಂಡ. ತುಂಬಿಸಿದ್ದು ಹೆಚ್ಚಾಯಿತು. "ಇಳಿಸು" ಎಂದರು. ಇಳಿಸಿದ. "ಇನ್ನೂ ಚೂರು." ಇಳಿಸಿದ. "ಹ್ಞೂಂ. ಇಷ್ಟು. ನಾಳೇನೂ ಇಷ್ಟು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗಗನಾ, ಇವತ್ತು ತುಪ್ಪ ನೀನು ಹಾಕು" ಎಂದರು. ನಾನು ಅಭಿಷೇಕನಿಗೆ ಒಂದು ಚಮಚ ಹಾಕಿದೆ. ಅತ್ತೆಗೆ ಎರಡು ಹಾಕಿದೆ.

ನನ್ನ ಅಮ್ಮನಿಗೆ ಕೊಟ್ಟಿದ್ದ ಮಾತನ್ನು ಅತ್ತೆ ಅಂದು ಮುರಿದರು.